ಓನೀಲನ ದೇಶತ್ಯಾಗ

ಅರಸರ ಚರಿತ್ರೆಯೆಂದರೆ ನನಗೆ ಅಷ್ಟಕ್ಕಷ್ಟೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೈಸ್ಕೂಲು ಸೇರುವವರೆಗೂ ಶಾಲೆ ಬಿಟ್ಟೊಡನೆ ದನಗಳ ಹಿಂದೆ ಹೋಗುತ್ತಿದ್ದವನು. ಆದರೂ ಐರ್ಲೆಂಡಿನ ಹ್ಯೂ ಓನೀಲನ ಬಾಳಿನಲ್ಲಿ ೧೬೦೭ನೆಯ ವರ್ಷದ ವೃತ್ತಾಂತವನ್ನು ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಡಲೊಲ್ಲದು. ಅವನ ಪರಾಕ್ರಮ ಇದಕ್ಕೆ ಕಾರಣವಲ್ಲ. ಹಿಂದೆ ಉಳಿದ ಅವನ ಎಳೆಯ ಮಗನೊಬ್ಬನೇ ಕಾರಣ.

ಓನೀಲನು ಸುಮಾರು ೧೫೫೦ರಲ್ಲಿ ಉತ್ತರದ ಅಲ್‌ಸ್ಟರ್ ಪ್ರಾಂತದ ಪಾಳೆಯಗಾರ ಮನೆತನದಲ್ಲಿ ಹುಟ್ಟಿದನು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಡಬ್ಲಿನ್ ಸೀಮೆಯ ಇಂಗ್ಲಿಷ್ ಕುಟುಂಬವೊಂದರಲ್ಲಿ ಬೆಳೆದನು. ಎಲಿಜಬೆತ್ ರಾಣಿಯು ಅವನನ್ನು ಟೈರೋನಿನ ಅರ್ಲನೆಂದು ಮನ್ನಿಸಿದಳು. ಆಂಗ್ಲರ ರೀತಿನೀತಿಗಳನ್ನು ಬಲ್ಲವನಾದುದರಿಂದಲೇ ಅವನು ಅವರಿಗೆ ಅಷ್ಟು ದೊಡ್ಡ ವೈರಿಯಾದನೇನೋ! ೧೫೯೮ರಲ್ಲಿ ಯೆಲ್ಲೋ ಫೋರ್ಡಿನಲ್ಲಿ ಅವರ ಸೈನ್ಯವನ್ನು ಮುರಿದನು. ೧೬೦೧ರಲ್ಲಿ ಕಿನ್ಸೇಲಿನಲ್ಲಿ ತಾನೇ ಮುರಿದುಬಿದ್ದನು. ೧೬೦೩ರ ಮಾರ್ಚ್ ೩೦ರಂದು ಮೆಲಿಫಾಂಟಿನಲ್ಲಿ ರಾಣಿಗೆ ಶರಣಾದನು. ಅವಳು ತೀರಿಕೊಂಡು ಆಗಲೇ ಆರು ದಿನಗಳಾಗಿದ್ದವು. ಆ ಸುದ್ದಿಯನ್ನು ಅವನಿಂದ ಮರೆಮಾಚಿದ್ದರು.

ಹೊಸ ದೊರೆ ಜೇಮ್ಸನು ಅವನ ಭೂಮಿಯನ್ನು ಅವನಿಗೇ ಬಿಟ್ಟುಕೊಟ್ಟನು. ಓನೀಲನೇನೂ ದೇವತೆಯಲ್ಲ, ಅಧೀನ ನಾಯಕರ ನೆಲವೂ ತನ್ನದೇ ಎಂದು ಹಟ ಹಿಡಿದವನು. ಅಳಿಯನಾದ ಓಕಹಾನನೇ ಅವನ ಮೇಲೆ ವ್ಯಾಜ್ಯ ಹೂಡಿದನು. ಆ ವ್ಯಾಜ್ಯದ ನೆಪದಲ್ಲಿ ೧೬೦೭ರಲ್ಲಿ ಲಂಡನ್ನಿಗೆ ಕರೆ ಬಂದಿತು. ಹೋದರೆ ಟವರ್ ಸೆರೆಮನೆಯೇ ಗತಿಯೆಂದು ಅವನು ಹೆದರಿದನು. ಅಷ್ಟರಲ್ಲಿ ಮಗ್ವೈರ್ ಎಂಬ ನಾಯಕನು ಗುಟ್ಟಾಗಿ ಹಡಗೊಂದನ್ನು ತಂದ ಸುದ್ದಿ ಮುಟ್ಟಿತು.

ಓನೀಲನು ಮೆಲಿಫಾಂಟಿನ ಗೆಳೆಯನ ಮನೆಗೆ ಹೋಗಿ, ಮಕ್ಕಳಿಗೂ ಆಳುಗಳಿಗೂ ಒಬ್ಬೊಬ್ಬರಿಗೂ ವಿದಾಯ ಹೇಳಿ ಕಣ್ಣೀರಿಟ್ಟನಂತೆ. ಮನೆಯವರಿಗೆ ಅದರ ಅರ್ಥವಾಗಲಿಲ್ಲ. ಬಳಿಕ ಆತುರಾತುರವಾಗಿ ಉತ್ತರಕ್ಕೆ ಹೊರಟನು. ಎಳೆಯ ಮಗ ಕಾನ್ ಸಾಕುಮನೆಯವರ ಬಳಿ ಇದ್ದನು. ಅವರೋ ಹುಲ್ಲಿದ್ದ ಕಡೆಗೆ ದನ ಹೊಡೆದುಕೊಂಡು ಅಲೆಯುವವರು. ಹುಡುಕಿದವರಿಗೆ ಹುಡುಗ ಸಿಗಲಿಲ್ಲ. ಕಾಯಲು ಸಮಯವಿರಲಿಲ್ಲ. ದನದ ಮಂದೆ ಮೇವು ಅರಸಿ ಎತ್ತ ಹೋದೀತೆಂದು ಯಾರು ಹೇಳಬಲ್ಲರು? ನಮ್ಮವ್ವ ಮುಸ್ಸಂಜೆಯಲ್ಲಿ ಹಳ್ಳದ ದಂಡೆಗೆ ಬಂದು ನನ್ನನ್ನು ಕೂಗುತ್ತಿದ್ದುದು ಇಲ್ಲಿ ನೆನಪಾಯಿತು.

ಆಂಗ್ಲರ ಅಂದಿನ ಪಂಚಾಂಗದಂತೆ ಸೆಪ್ಟೆಂಬರ್ ೪ರಂದು ರಾಥ್‌ಮಲನ್‌ನಿಂದ ಸುಮಾರು ನೂರು ಮಂದಿಯೊಡನೆ ಹಡಗು ಹೊರಟಿತು. ಸ್ಪೇನಿಗೆಂದು ಹೊರಟವರನ್ನು ಬಿರುಗಾಳಿಯು ಮೂರು ವಾರ ಅಲೆದಾಡಿಸಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ತಂದು ಹಾಕಿತು. ಇಂಗ್ಲೆಂಡಿನೊಡನೆ ಸಂಧಿ ಮಾಡಿಕೊಂಡಿದ್ದ ಸ್ಪೇನಿನ ದೊರೆ ಅವರನ್ನು ಬರಗೊಡಲಿಲ್ಲ. ಆಲ್ಪ್ಸ್ ದಾಟುವಾಗ ಓನೀಲನ ಹಣ ಹೊತ್ತ ಕುದುರೆ ಕಮರಿಗೆ ಉರುಳಿತು. ೧೬೦೮ರ ಏಪ್ರಿಲಿನಲ್ಲಿ ರೋಮ್ ಸೇರಿದನು. ೧೬೧೬ರ ಜುಲೈ ೨೦ರಂದು ಅಲ್ಲಿಯೇ ಮಡಿದನು. ಇತ್ತ ಅವನ ನೆಲವನ್ನೆಲ್ಲ ಮುಟ್ಟುಗೋಲು ಹಾಕಿ ಇಂಗ್ಲೆಂಡ್, ಸ್ಕಾಟ್‌ಲೆಂಡುಗಳ ವಲಸೆಗಾರರಿಗೆ ಹಂಚಿದರು. ಉಳುತ್ತಿದ್ದವರನ್ನು ಕೇಳಿದವರಾರು?

ಕಾನ್ ಆಂಗ್ಲರ ಕೈಗೆ ಸಿಕ್ಕಿದನು. ಈಟನ್ ಶಾಲೆಯಲ್ಲಿ ಅವನನ್ನು ಓದಿಸಿದರು. ೧೬೨೨ರಲ್ಲಿ ಟವರ್ ಸೆರೆಮನೆಗೆ ಕಳುಹಿಸಿದರು.