ಕಾಡಿಗೆ ಕರೆದೊಯ್ದು ಪಾಠ ಹೇಳಿದ ಸ್ವಾಮಿ

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಕಟ್ಟಡ ಸಾಮಗ್ರಿಗಳ ಪಾಠದಲ್ಲಿ ಕಟ್ಟಿಗೆಯ ವಿಷಯ ಬರುತ್ತದೆ. ಮರದ ಒಳಗಿನ ಚೇಗು ಗಟ್ಟಿ, ಹೊರಗಿನ ಬಿಳಿ ಭಾಗ ಮೆದು. ಹಸಿ ಕಟ್ಟಿಗೆಯನ್ನು ಸರಿಯಾಗಿ ಒಣಗಿಸದೆ ಬಾಗಿಲು ಮಾಡಿದರೆ ಆಮೇಲೆ ಸೊಟ್ಟಗಾಗುತ್ತದೆ. ಇದನ್ನೆಲ್ಲ ನಾವು ಬಾಯಿಪಾಠ ಮಾಡಿ ಬರೆಯುತ್ತೇವೆ, ಅಂಕವೂ ಬರುತ್ತದೆ. ಆದರೆ ರಸ್ತೆ ಬದಿಯ ಮರವೊಂದನ್ನು ತೋರಿಸಿ ಇದು ಯಾವುದು ಎಂದು ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರದೂ ಇದೇ ಕಥೆ. ಕರ್ನಾಟಕದ ರಾಜ್ಯ ವೃಕ್ಷ ಶ್ರೀಗಂಧ ಎಂದು ಕ್ಷಣದಲ್ಲಿ ಗುರುತು ಹಾಕುತ್ತಾರೆ. ಅದು ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ಆಹಾರ ಹೀರಿಕೊಂಡು ಬೆಳೆಯುವ ಮರ ಎಂಬುದು ಎಷ್ಟು ಜನರಿಗೆ ಗೊತ್ತು?

ಹೀಗೆ ಪುಸ್ತಕದಲ್ಲೇ ಮುಗಿಯುವ ಪಾಠವನ್ನು ಕಾಡಿಗೆ ಕರೆದುಕೊಂಡು ಹೋದವರು ಡಾ. ಬಿ.ಜಿ.ಎಲ್. ಸ್ವಾಮಿ. ಅವರು ತೀರಿಕೊಂಡದ್ದು 1980ರಲ್ಲಿ, ನಮ್ಮ ತಲೆಮಾರು ಹುಟ್ಟುವುದಕ್ಕೂ ಬಹಳ ಮೊದಲು. 'ಮಂಕುತಿಮ್ಮನ ಕಗ್ಗ'ದ ಡಿ.ವಿ. ಗುಂಡಪ್ಪನವರ ಮಗ ಎಂದು ಅವರನ್ನು ಪರಿಚಯಿಸುವುದು ವಾಡಿಕೆ. ಆದರೆ ಅವರ ಸ್ವಂತ ಸಾಧನೆ ತಂದೆಯ ನೆರಳಿನಲ್ಲಿ ನಿಲ್ಲುವಂಥದ್ದಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಸ್ವಾಮಿ ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಜೊತೆಗಿದ್ದವರು ಇರ್ವಿಂಗ್ ಬೈಲಿ. ಮರವನ್ನು ತೆಳುವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿಟ್ಟು, ಅದರ ಒಳರಚನೆಯಿಂದಲೇ ಸಸ್ಯಗಳ ವಂಶಾವಳಿ ಹೇಳಬಲ್ಲ ವಿಜ್ಞಾನಿ ಅವರು. ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಅತ್ಯಂತ ರುಚಿಸಿದ್ದು ಈ ಭಾಗ. ಮರವೆಂದರೆ ಒಂದು ನೀರು ಸರಬರಾಜು ವ್ಯವಸ್ಥೆ. ಬೇರಿನ ನೀರು ತುದಿಯ ಎಲೆಗೆ ಪಂಪ್ ಇಲ್ಲದೆ ಏರಬೇಕು. ಹೂ ಬಿಡುವ ಬಹುತೇಕ ಗಿಡಮರಗಳಲ್ಲಿ ಇದಕ್ಕೆ ತುದಿಯಿಂದ ತುದಿಗೆ ತೆರೆದ, ಪೈಪ್‌ನಂಥ ನಳಿಕೆಗಳಿರುತ್ತವೆ. ಇವು ಇಲ್ಲದ ಗಿಡಗಳೂ ಕೆಲವಿವೆ. ಅವುಗಳಲ್ಲಿ ನೀರು ತುದಿ ಮುಚ್ಚಿದ ಸಣ್ಣ ಕೋಶಗಳ ಗೋಡೆಯ ಗುಳಿಗಳ ಮೂಲಕ ನುಸುಳಿ ಮೇಲೇರುತ್ತದೆ.

ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ ಅಂಥದ್ದೇ ಒಂದು ಗಿಡ. ಅದರ ಕಟ್ಟಿಗೆಯಲ್ಲಿ ನಳಿಕೆಗಳಿಲ್ಲ ಎಂದು ಬೈಲಿ ಮತ್ತು ಸ್ವಾಮಿ 1948ರಲ್ಲಿ ಪ್ರಬಂಧ ಪ್ರಕಟಿಸಿದರು. 1999ರಲ್ಲಿ ಡಿಎನ್‌ಎ ಅಧ್ಯಯನಗಳು ಬಂದಾಗ, ಹೂ ಬಿಡುವ ಎಲ್ಲ ಸಸ್ಯಗಳ ವಂಶವೃಕ್ಷದಲ್ಲಿ ಮೊಟ್ಟಮೊದಲು ಕವಲೊಡೆದದ್ದು ಇದೇ ಗಿಡದ ಕೊಂಬೆ ಎಂದು ಗೊತ್ತಾಯಿತು. ಅದನ್ನು ನೋಡಲು ಸ್ವಾಮಿ ಇರಲಿಲ್ಲ. ಬೈಲಿಯವರ ಮೇಲಿನ ಗೌರವದಿಂದ ತಾವು ಗುರುತಿಸಿದ ಒಂದು ಸಸ್ಯಕ್ಕೆ ಅವರು ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಹೆಸರಿಟ್ಟಿದ್ದರು.

ಇಷ್ಟು ದೊಡ್ಡ ಸಂಶೋಧಕರು ಸ್ವದೇಶಕ್ಕೆ ಬಂದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಮುಂದೆ ಅಲ್ಲೇ ಪ್ರಾಚಾರ್ಯರಾದರು. ಸಸ್ಯಶಾಸ್ತ್ರವನ್ನು ಕೊಠಡಿಯಲ್ಲಿ ಕಲಿಸಿ ಮುಗಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳಿಗೆ ಹೋಗುತ್ತಿದ್ದರು. ಆ ಪ್ರವಾಸಗಳಿಂದ ಹುಟ್ಟಿದ ಪುಸ್ತಕವೇ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆಗೂ ಮಗನಿಗೂ ಇದೇ ಪ್ರಶಸ್ತಿ ಸಂದದ್ದು ಕನ್ನಡದ ಹೆಮ್ಮೆ. ಕಾಡಿನ ದಾರಿಯಲ್ಲಿ ಹುಡುಗರ ತರಲೆ, ಊಟದ ಫಜೀತಿ, ನಗು ಎಲ್ಲ ನಡೆದಿರುತ್ತದೆ. ಅದರ ನಡುವೆಯೇ ಒಂದೊಂದು ಮರದ ಕಥೆ ಬರುತ್ತದೆ. ಅದಕ್ಕೆ ಊರವರು ಕರೆಯುವ ಹೆಸರೇನು, ಯಾವುದಕ್ಕೆ ಉಪಯೋಗ, ಹಳೆಯ ಕಾವ್ಯಗಳು ಅದರ ಬಗ್ಗೆ ಹೇಳುವುದೇನು ಎಂದು ಓದುತ್ತಾ ಹೋದಂತೆ ಗಿಡವೇ ಪರಿಚಯದವರಂತಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಜಗತ್ತಿನ ವಿಜ್ಞಾನಿಗಳಿಗಾಗಿ ಇಂಗ್ಲಿಷಿನಲ್ಲಿ ಬರೆದ ಕೈ, ನಮಗಾಗಿ ಕನ್ನಡದಲ್ಲಿ ಬರೆಯಿತು. ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿನಲ್ಲಿ ಒಮ್ಮೆಲೇ ಇಂಗ್ಲಿಷ್ ಎದುರಾದಾಗ ನಮ್ಮಲ್ಲಿ ಅನೇಕರು ಕೀಳರಿಮೆ ಪಡುತ್ತಾರೆ. ಕಠಿಣ ವಿಜ್ಞಾನವನ್ನು ಕನ್ನಡದಲ್ಲಿ ನಗುತ್ತಾ ಹೇಳಬಹುದು ಎಂಬುದಕ್ಕೆ ಸ್ವಾಮಿಯವರ ಪುಸ್ತಕಗಳೇ ಸಾಕ್ಷಿ. ಪುಟ್ಟಣ್ಣ ಕಣಗಾಲರ 'ಕಾಲೇಜು ರಂಗ' ಸಿನಿಮಾಕ್ಕೆ ಕಥೆ ಒದಗಿಸಿದ್ದೂ ಇವರ ಪುಸ್ತಕವೇ. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕದಲ್ಲಿ ನಾವು ದಿನವೂ ತಿನ್ನುವ ಎಷ್ಟೋ ಕಾಯಿಪಲ್ಲೆಗಳು ಸಮುದ್ರ ದಾಟಿ ಬಂದ ಕಥೆ ಇದೆ. ನಿಪ್ಪಾಣಿಯನ್ನು ಪೇಟೆಯಾಗಿ ಬೆಳೆಸಿದ ತಂಬಾಕು ಕೂಡ ಅಮೆರಿಕ ಖಂಡದಿಂದಲೇ ಬಂದದ್ದು!

ಈ ಬದುಕಿನಿಂದ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಲಿಯಬೇಕಾದದ್ದೇನು? ನಮ್ಮದು ಕಬ್ಬಿನ ನಾಡು. ಮಕ್ಕಳಿಗೆ ಕಟ್ಟಿಗೆ ಎಂದರೆ ಸಾ ಮಿಲ್‌ನಲ್ಲಿ ಬಿದ್ದ ದಿಮ್ಮಿ. ಚಕ್ಕಡಿಯ ಗಾಲಿಗೆ ಜಾಲಿ ಮರವೇ ಯಾಕೆ, ಬಾಗಿಲಿಗೆ ಸಾಗವಾನಿಯೇ ಯಾಕೆ ಎಂಬುದು ಊರಿನ ಹಿರಿಯ ಬಡಿಗರಿಗೆ ಗೊತ್ತು, ಶಾಲೆಗೆ ಗೊತ್ತಿಲ್ಲ. ಜಾಲಿಯ ಕಟ್ಟಿಗೆ ಗಟ್ಟಿ, ಪೆಟ್ಟು ತಾಳುತ್ತದೆ. ಸಾಗವಾನಿಯ ಎಣ್ಣೆಯಂಶಕ್ಕೆ ಗೆದ್ದಲು ಹೆದರುತ್ತದೆ. ಕಡಿದ ಸಾಗವಾನಿಯ ಬುಡದಲ್ಲಿ ಬಳೆಗಳನ್ನು ಎಣಿಸಿದರೆ ಮರದ ವಯಸ್ಸು ಸಿಗುತ್ತದೆ. ಒಬ್ಬ ಬಡಿಗರನ್ನು ಶಾಲೆಗೆ ಕರೆದರೂ ಒಂದು ಒಳ್ಳೆಯ ಪಾಠವಾಗುತ್ತದೆ.

ಕಾಡು ನಮಗೆ ದೂರವೂ ಅಲ್ಲ. ನಮ್ಮ ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಹುಟ್ಟುವುದು ಸಹ್ಯಾದ್ರಿಯಲ್ಲಿ. 2019ರ ಮಹಾಪೂರದಲ್ಲಿ ನಮ್ಮ ಹೊಳೆಸಾಲಿನ ಊರುಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ಮೇಲೆ ಘಟ್ಟದಲ್ಲಿ ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಕಾಡು ಹೇಗಿದೆ ಎಂದು ಹೊಳೆಸಾಲಿನ ಮಕ್ಕಳು ತಿಳಿಯದಿದ್ದರೆ ಇನ್ನಾರು ತಿಳಿಯಬೇಕು? ಖಾನಾಪುರ ತಾಲ್ಲೂಕಿನ ಭೀಮಗಡ ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿದೆ. ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ'ದಲ್ಲಿ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ಶಾಲೆಗಳು ಇದನ್ನು ಕೇಳಿ ಪಡೆಯಬೇಕು. ವರ್ಷಕ್ಕೊಮ್ಮೆ ಹೊರಡುವ ಪ್ರವಾಸದ ಬಸ್ಸು ಒಂದು ದಿನ ಕಾಡಿನ ಅಂಚಿನಲ್ಲಿ ನಿಂತರೂ ಸಾಕು.

ಗೆಳೆಯರೇ, ನಾವೆಲ್ಲ ನೌಕರಿಯ ಚಿಂತೆಯಲ್ಲಿದ್ದೇವೆ, ಅದು ತಪ್ಪಲ್ಲ. ಆದರೆ ಸಂದರ್ಶನದಲ್ಲಿ ಕೂತಾಗಲೂ, ನಾಳೆ ಸೈಟ್‌ನಲ್ಲಿ ನಿಂತಾಗಲೂ ನೆರವಾಗುವುದು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಕಲಿತದ್ದು. ಈ ರಜೆಯಲ್ಲಿ 'ಹಸುರು ಹೊನ್ನು' ಓದಿ. ಓದಿದ ಮೇಲೆ ಓಣಿಯ ನಾಲ್ಕು ಹುಡುಗರನ್ನು ಕರೆದುಕೊಂಡು ಊರ ಹೊರಗಿನ ಹತ್ತು ಮರಗಳ ಹೆಸರು, ಉಪಯೋಗ ಬರೆದುಕೊಂಡು ಬನ್ನಿ. ಗೊತ್ತಾಗದ ಹೆಸರನ್ನು ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅವರಿಗೆ ಖಂಡಿತ ಗೊತ್ತಿರುತ್ತದೆ.