ಅಧ್ಯಕ್ಷರನ್ನು ನಿಲ್ಲಿಸಿದ ಕೈಗಳು

ಅರ್ಥಶಾಸ್ತ್ರ ಓದಿದವರಿಗೆ ಫ್ರಾಂಕ್ಲಿನ್ ಡಿಲಾನೊ ರೂಸ್‌ವೆಲ್ಟ್ ಮೊದಲು ಎದುರಾಗುವುದು ಮಹಾ ಆರ್ಥಿಕ ಕುಸಿತದ ಅಧ್ಯಾಯದಲ್ಲಿ. ದುಡಿಯುವ ಅಮೆರಿಕನ್ನರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಒಬ್ಬರು ನಿರುದ್ಯೋಗಿಯಾಗಿದ್ದ 1933ರಲ್ಲಿ ಅವರು ಅಧ್ಯಕ್ಷರಾದರು. ಪ್ರಜೆಯ ಕಷ್ಟದಲ್ಲಿ ಸರ್ಕಾರದ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ನ್ಯೂ ಡೀಲ್ ಕಾರ್ಯಕ್ರಮಗಳ ಮೂಲಕ ಹೊಸ ಉತ್ತರ ಕೊಟ್ಟರು. ಆ ಹುದ್ದೆಗೆ ನಾಲ್ಕು ಬಾರಿ ಆಯ್ಕೆಯಾದವರು ಅವರೊಬ್ಬರೇ. ನಾನೂ ವಿದ್ಯಾರ್ಥಿಯಾಗಿ ಅವರನ್ನು ಹಾಗೆಯೇ ಓದಿಕೊಂಡಿದ್ದೆ. ಮುಂದೆ ಆಡಳಿತ ಸೇವೆಯಲ್ಲಿ ಬರ ಪರಿಹಾರ ಕಾಮಗಾರಿಗಳ ಕಡತ ನೋಡುವಾಗ ಅವರನ್ನು ನೆನೆದದ್ದೂ ಉಂಟು. ಆದರೆ ಈಚಿನ ಕೆಲವು ವರ್ಷಗಳಿಂದ ಅವರ ಜೀವನವನ್ನು ನಾನು ಬೇರೊಂದು ದಿಕ್ಕಿನಿಂದ ಓದುತ್ತಿದ್ದೇನೆ. ಅದು ಅವರ ಕಾಲುಗಳ ಕಡೆಯಿಂದ.

ಕಾರಣ ಸ್ವಂತದ್ದು. ನಿವೃತ್ತಿಯ ನಂತರ ಕಡೂರಿನಲ್ಲಿ ನೆಲೆಸಿರುವ ನನಗೆ ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಎಂಬ ಸ್ನಾಯುರೋಗವಿದೆ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆ ತೊಡೆಯ ಮುಂಭಾಗದ ಸ್ನಾಯುಗಳನ್ನೂ ಬೆರಳು ಮಡಿಸುವ ಸ್ನಾಯುಗಳನ್ನೂ ನಿಧಾನವಾಗಿ ಸವೆಸುತ್ತದೆ. ಅದನ್ನು ತಡೆಯುವ ಔಷಧ ಇನ್ನೂ ಸಿದ್ಧಿಸಿಲ್ಲ. ನಿಂತಾಗ ಮಂಡಿ ಮಡಿಚಿಕೊಳ್ಳದಂತೆ ಹಿಡಿಯುವುದು ತೊಡೆಯ ಆ ಸ್ನಾಯುವೇ. ಅದು ಸೋತರೆ ಮಂಡಿ ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. ಆರೋಗ್ಯವಂತರು ಎಡವಿದರೆ ಇನ್ನೊಂದು ಕಾಲು ತಾನಾಗಿ ಮುಂದೆ ಬಂದು ದೇಹವನ್ನು ತಡೆಯುತ್ತದೆ. ನಮ್ಮಂಥವರಿಗೆ ಬೀಳುತ್ತಿದ್ದೇವೆಂದು ಮಿದುಳಿಗೆ ತಿಳಿದರೂ ಆಜ್ಞೆ ಪಾಲಿಸಲು ಕಾಲಿಗೆ ಬಲವಿರುವುದಿಲ್ಲ. ಬಿದ್ದದ್ದಕ್ಕಿಂತ ಮುಂದೆ ಎಲ್ಲಿ ಬೀಳುತ್ತೇನೋ ಎಂಬ ಲೆಕ್ಕಾಚಾರವೇ ದಿನದ ಹೆಚ್ಚಿನ ಹೊತ್ತನ್ನು ತಿನ್ನುತ್ತದೆ. ಹೊಸ್ತಿಲು, ಒದ್ದೆ ಬಚ್ಚಲು, ಬಸ್ಸಿನ ಮೊದಲ ಮೆಟ್ಟಿಲು ಎಲ್ಲವನ್ನೂ ಮುಂಚೆಯೇ ಅಳೆದಿಡಬೇಕಾಗುತ್ತದೆ. ಜಗತ್ತಿನ ಅತ್ಯಂತ ಪ್ರಬಲ ಹುದ್ದೆಯಲ್ಲಿದ್ದವರೊಬ್ಬರು ಇದೇ ಲೆಕ್ಕಾಚಾರವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಮಾಡಿದರೆಂಬುದು ಆಗ ನನ್ನ ಗಮನ ಸೆಳೆಯಿತು.

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನ ಸಿರಿವಂತ ಮನೆತನದಲ್ಲಿ. ವಕೀಲಿಕೆ, ರಾಜ್ಯದ ಸೆನೆಟ್, ನೌಕಾಪಡೆಯ ಸಹಾಯಕ ಕಾರ್ಯದರ್ಶಿ ಹುದ್ದೆ, 1920ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ, ಸೋಲು. ಅಲ್ಲಿಯವರೆಗೆ ಅವರದು ಸರಾಗವಾಗಿ ನಡೆದುಬಂದ ಬದುಕು. 1921ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಕುಟುಂಬದೊಡನೆ ರಜೆಯಲ್ಲಿದ್ದಾಗ ಒಂದು ದಿನ ದೋಣಿ ನಡೆಸಿ, ಕಾಳ್ಗಿಚ್ಚು ಆರಿಸಿ, ತಣ್ಣೀರಿನಲ್ಲಿ ಈಜಿ ಬಂದು ಚಳಿಯೆಂದು ಮಲಗಿದರು. ಎರಡು ದಿನಗಳಲ್ಲಿ ಎದ್ದು ನಿಲ್ಲಲಾರದ ಸ್ಥಿತಿ ಬಂತು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಬಾಸ್ಟನ್ನಿನ ತಜ್ಞ ರಾಬರ್ಟ್ ಲೋವೆಟ್ ಅದನ್ನು ಪೋಲಿಯೊ ಎಂದು ಗುರುತಿಸಿದರು. 2003ರಲ್ಲಿ ಕೆಲವು ವೈದ್ಯರು ಹಳೆಯ ದಾಖಲೆಗಳನ್ನು ಪರಿಶೀಲಿಸಿ ಅದು ಗಿಲಾನ್ ಬಾರೆ ಎಂಬ ನರರೋಗವಾಗಿದ್ದಿರಬಹುದು ಎಂದು ವಾದಿಸಿದ್ದಾರೆ. ಕಾಯಿಲೆ ಯಾವುದೇ ಆಗಿರಲಿ, ಫಲ ಒಂದೇ ಆಗಿತ್ತು. ಸೊಂಟದ ಕೆಳಗಿನ ಸ್ನಾಯುಗಳಿಗೆ ಹೋಗುವ ಆಜ್ಞೆ ಶಾಶ್ವತವಾಗಿ ಕಡಿದುಹೋಯಿತು.

ಮಗ ಹೈಡ್ ಪಾರ್ಕ್‌ನ ತೋಟದ ಮನೆಯಲ್ಲಿ ವಿಶ್ರಾಂತ ಜೀವನ ನಡೆಸಲಿ ಎಂಬುದು ತಾಯಿ ಸಾರಾ ಅವರ ಅಪೇಕ್ಷೆ. ಪತ್ನಿ ಎಲೀನರ್ ಮತ್ತು ಆಪ್ತ ಲೂಯಿ ಹೋವ್ ಅದಕ್ಕೆ ಒಪ್ಪಲಿಲ್ಲ. ರೂಸ್‌ವೆಲ್ಟ್ ಸೊಂಟದಿಂದ ಪಾದದವರೆಗಿನ ಉಕ್ಕಿನ ಕ್ಯಾಲಿಪರ್ ತೊಟ್ಟು ನಿಲ್ಲುವುದನ್ನು ಮತ್ತೆ ಕಲಿತರು. ಮಂಡಿಯ ಬಳಿ ಚಿಲಕ ಹಾಕಿದರೆ ಕಾಲು ಕಂಬದಂತಾಗುತ್ತಿತ್ತು, ತೆಗೆದರೆ ಕೂರಬಹುದಾಗಿತ್ತು. ಆದರೆ ಕಂಬದಂತಹ ಎರಡು ಕಾಲುಗಳ ಮೇಲಿನ ದೇಹಕ್ಕೆ ಸಮತೋಲನವಿಲ್ಲ. ಒಂದು ಗಾಳಿಯ ಹೊಡೆತ, ಹಿಂದಿನಿಂದ ಒಬ್ಬರ ತಳ್ಳಾಟ ಸಾಕು.

1922ರ ಅಕ್ಟೋಬರ್‌ನಲ್ಲಿ ಅವರು ಮೊದಲ ಬಾರಿ ಊರುಗೋಲುಗಳ ಮೇಲೆ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿದ್ದ ಕಚೇರಿಗೆ ಮರಳಿದರು. ಹೊಳಪಿನ ಅಮೃತಶಿಲೆಯ ನೆಲದ ಮೇಲೆ ಊರುಗೋಲು ಜಾರಿ, ಜನರ ನಡುವೆಯೇ ಬಿದ್ದರು. ಅಪರಿಚಿತರು ಎತ್ತಿ ನಿಲ್ಲಿಸಬೇಕಾಯಿತು. ನಗುನಗುತ್ತಲೇ ಮುಂದೆ ಸಾಗಿದರೂ ಆ ಕಚೇರಿಗೆ ಅವರು ಬಹಳ ದಿನ ಮತ್ತೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಬೀಳುವವರು ಬಿದ್ದ ಸ್ಥಳವನ್ನು ತಮ್ಮ ನಕ್ಷೆಯಿಂದ ಅಳಿಸುತ್ತಾರೆ. ಹೀಗೆ ಒಂದೊಂದೇ ಸ್ಥಳ ಅಳಿಯುತ್ತಾ ಕೊನೆಗೆ ಮನೆಯಷ್ಟೇ ಉಳಿಯುತ್ತದೆ. ರೂಸ್‌ವೆಲ್ಟರ ದೊಡ್ಡತನವಿರುವುದು ಈ ಕುಗ್ಗುವಿಕೆಯನ್ನು ಅವರು ತಡೆದ ಬಗೆಯಲ್ಲಿ.

ಅವರು ನಂಬಿದ್ದು ಬರೀ ಛಲವನ್ನಲ್ಲ, ಪೂರ್ವಸಿದ್ಧತೆಯನ್ನು. 1924ರ ಜೂನ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಪಕ್ಷದ ಮಹಾಧಿವೇಶನದಲ್ಲಿ ಆಲ್ಫ್ರೆಡ್ ಸ್ಮಿತ್ ಹೆಸರನ್ನು ಸೂಚಿಸುವ ಭಾಷಣ ಅವರ ಪಾಲಿಗೆ ಬಂತು. ಮಗ ಜೇಮ್ಸ್‌ನ ಜೊತೆ ಮನೆಯಲ್ಲೇ ಹೆಜ್ಜೆ ಎಣಿಸಿ ಅಭ್ಯಾಸ ಮಾಡಿದರು. ಭಾಷಣಪೀಠ ತಮ್ಮ ಭಾರ ತಾಳುತ್ತದೆಯೇ ಎಂದು ಮೊದಲೇ ಒಬ್ಬರಿಂದ ಅಲುಗಾಡಿಸಿ ನೋಡಿಸಿದರು. ಕೊನೆಯ ಕೆಲವು ಹೆಜ್ಜೆಗಳನ್ನು ಊರುಗೋಲುಗಳ ಮೇಲೆ ಒಬ್ಬರೇ ಕ್ರಮಿಸಿ ಪೀಠವನ್ನು ಹಿಡಿದಾಗ ಸಭೆ ಎದ್ದು ಕರತಾಡನ ಮಾಡಿತು. ಅದೇ ವರ್ಷ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ಅಲ್ಲಿನ ಬೆಚ್ಚನೆಯ ಚಿಲುಮೆಯ ನೀರಿನಲ್ಲಿ ದೇಹದ ಭಾರ ಕಳೆದು ಕಾಲು ಆಡಿಸುವುದು ಸಾಧ್ಯವಾಗುತ್ತಿತ್ತು. 1926ರಲ್ಲಿ ತಮ್ಮ ಸಂಪತ್ತಿನ ದೊಡ್ಡ ಭಾಗ ತೊಡಗಿಸಿ ಆ ಸ್ಥಳವನ್ನೇ ಕೊಂಡು, ಪೋಲಿಯೊ ಪೀಡಿತರ ಚಿಕಿತ್ಸಾ ಕೇಂದ್ರವನ್ನಾಗಿ ಬೆಳೆಸಿದರು. ಅಲ್ಲಿ ಗಾಲಿಕುರ್ಚಿಯನ್ನು ಯಾರೂ ಮರೆಮಾಚಬೇಕಾಗಿರಲಿಲ್ಲ. ಕಪ್ಪು ಜನರಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗಾಗಿ ಟಸ್ಕೆಗೀಯಲ್ಲಿ ಪ್ರತ್ಯೇಕ ಕೇಂದ್ರ ತೆರೆದದ್ದು 1941ರಲ್ಲಿ.

ಏಳು ವರ್ಷ ಪ್ರಯತ್ನಿಸಿದರೂ ಅವರು ಆಸರೆಯಿಲ್ಲದೆ ನಡೆಯಲಾಗಲಿಲ್ಲ. ಬದಲಿಗೆ ನಡೆಯುವಂತೆ ಕಾಣುವ ಒಂದು ಉಪಾಯವನ್ನು ರೂಢಿಸಿಕೊಂಡರು. ಒಂದು ಕೈಯಲ್ಲಿ ಕೈಗೋಲು, ಇನ್ನೊಂದು ಕೈಯಿಂದ ಮಗನ ಮೊಣಕೈಯ ಬಿಗಿಹಿಡಿತ, ಸೊಂಟದಿಂದ ಒಂದೊಂದೇ ಕಾಲನ್ನು ಮುಂದಕ್ಕೆ ಎಸೆಯುವುದು. ನೋಡುವವರಿಗೆ ಅಪ್ಪ ಮಗ ಹರಟುತ್ತಾ ಬರುವಂತಿರುತ್ತಿತ್ತು. ಮಗನ ತೋಳಿಗೆ ಮಾತ್ರ ಅದರ ನಿಜವಾದ ಭಾರ ಗೊತ್ತು. ಹೀಗೆಯೇ 1928ರಲ್ಲಿ ನ್ಯೂಯಾರ್ಕ್‌ನ ಗವರ್ನರ್ ಆಗಿ ಆಯ್ಕೆಯಾದರು, 1933ರ ಮಾರ್ಚ್ 4ರಂದು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಅವರಿಗೆ ಪೋಲಿಯೊ ಬಂದಿತ್ತೆಂಬುದು ಗುಟ್ಟಾಗಿರಲಿಲ್ಲ. ಆದರೆ ನಿಲ್ಲಲಾರದಷ್ಟು ಅಶಕ್ತರೆಂಬುದು ಬಹುಮಂದಿಗೆ ತಿಳಿದಿರಲಿಲ್ಲ. ಅವರು ಹೋಗುವೆಡೆಯಲ್ಲೆಲ್ಲ ಅಂಗರಕ್ಷಕರು ಮೊದಲೇ ಹೋಗಿ ಇಳಿಜಾರು ದಾರಿ ಕಟ್ಟಿಸುತ್ತಿದ್ದರು, ಭಾಷಣಪೀಠವನ್ನು ಭದ್ರಪಡಿಸುತ್ತಿದ್ದರು. ಕಾರಿನಿಂದ ಎತ್ತಿ ಇಳಿಸುವ ಚಿತ್ರ ತೆಗೆಯದಂತೆ ತಡೆಯುತ್ತಿದ್ದರು. ಗಾಲಿಕುರ್ಚಿಯಲ್ಲಿರುವ ಅವರ ಚಿತ್ರಗಳು ಇಂದು ಬೆರಳೆಣಿಕೆಯಷ್ಟೇ ಸಿಗುತ್ತವೆ.

ಇಷ್ಟೆಲ್ಲ ವ್ಯವಸ್ಥೆಯ ನಡುವೆಯೂ ಅವರು ಬಿದ್ದರು. 1936ರ ಜೂನ್ 27ರಂದು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಫೀಲ್ಡ್ ಕ್ರೀಡಾಂಗಣದಲ್ಲಿ, ಎರಡನೆಯ ಬಾರಿಯ ಉಮೇದುವಾರಿಕೆ ಒಪ್ಪಿಕೊಳ್ಳಲು ಭಾರೀ ಜನಸ್ತೋಮದ ಎದುರು ವೇದಿಕೆಯತ್ತ ಸಾಗುತ್ತಿದ್ದರು. ವೃದ್ಧ ಕವಿ ಎಡ್ವಿನ್ ಮಾರ್ಕಂ ಅವರ ಕೈ ಕುಲುಕಲು ತಿರುಗಿದಾಗ ಕ್ಯಾಲಿಪರ್‌ನ ಚಿಲಕ ಕಳಚಿ ಕುಸಿದರು. ಭಾಷಣದ ಹಾಳೆಗಳು ಚೆಲ್ಲಾಪಿಲ್ಲಿಯಾದವು. ಸುತ್ತಲಿದ್ದವರು ಮರೆಯಾಗಿ ನಿಂತು ಅವರನ್ನು ಎತ್ತಿದರು, ಚಿಲಕ ಹಾಕಿದರು, ಧೂಳು ಕೊಡವಿದರು. ಮುಖ ಬಿಳಿಚಿಕೊಂಡಿದ್ದರೂ ಅವರು ಆ ಹಿರಿಯ ಕವಿಯ ಕೈ ಕುಲುಕುವುದನ್ನು ಮರೆಯಲಿಲ್ಲ. ಬಳಿಕ ವೇದಿಕೆಯೇರಿ ತಮ್ಮ ಜೀವಮಾನದ ಪ್ರಸಿದ್ಧ ಭಾಷಣಗಳಲ್ಲೊಂದನ್ನು ಮಾಡಿದರು. ಮರುದಿನದ ಪತ್ರಿಕೆಗಳಲ್ಲಿ ಭಾಷಣವಿತ್ತು, ಬಿದ್ದ ಸುದ್ದಿ ಇರಲಿಲ್ಲ.

ಒಳಗಿನ ಬದುಕಿನಲ್ಲಿ ಅವರು ವಾಸ್ತವವಾದಿ. ಅಡುಗೆಮನೆಯ ಸಾದಾ ಕುರ್ಚಿಗೆ ಗಾಲಿ ಹಾಕಿಸಿ, ಇಕ್ಕಟ್ಟಿನ ಬಾಗಿಲುಗಳಲ್ಲೂ ನುಗ್ಗುವಂತಹ ಗಾಲಿಕುರ್ಚಿ ಮಾಡಿಸಿಕೊಂಡರು. ಕಾಲು ಬಳಸದೆ ಕೈಯಿಂದಲೇ ನಡೆಸುವ ಕಾರು ಓಡಿಸಿದರು. ಬೆಂಕಿ ಬಿದ್ದರೆ ಓಡಲಾಗದೆಂಬ ಭಯ ಅವರನ್ನು ಸದಾ ಕಾಡುತ್ತಿತ್ತು. ಅದಕ್ಕಾಗಿ ತೋಳುಗಳ ಬಲದಿಂದ ತೆವಳಿ ಹೊರಬರುವುದನ್ನು ಅಭ್ಯಾಸ ಮಾಡಿದ್ದರು. 1938-39ರಲ್ಲಿ ಹೈಡ್ ಪಾರ್ಕ್‌ನಲ್ಲಿ ತಾವೇ ಯೋಜಿಸಿ ಕಟ್ಟಿಸಿದ ಟಾಪ್ ಕಾಟೇಜ್ ಎಂಬ ಮನೆಗೆ ಹೊಸ್ತಿಲುಗಳಿಲ್ಲ, ಜಗಲಿಯಿಂದ ಅಂಗಳಕ್ಕೆ ಮಣ್ಣಿನ ಇಳಿಜಾರು.

ಯುದ್ಧಕಾಲದ ಅಧ್ಯಕ್ಷರಾಗಿ ಅವರ ಸಾಧನೆ ಪ್ರಸಿದ್ಧ. 1942ರಲ್ಲಿ ಭಾರತದ ಸ್ವರಾಜ್ಯದ ವಿಷಯದಲ್ಲಿ ಚರ್ಚಿಲ್ ಮೇಲೆ ಒತ್ತಡ ತಂದವರೂ ಅವರೇ. ಅದೇ ವರ್ಷ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಲು ದಾರಿಮಾಡಿದ ಆದೇಶಕ್ಕೆ ಸಹಿ ಹಾಕಿದವರೂ ಅವರೇ. ದೇಹದ ಕಷ್ಟ ಕಂಡವರೆಲ್ಲ ಎಲ್ಲರ ಕಷ್ಟವನ್ನೂ ಕಾಣುತ್ತಾರೆಂಬ ನಿಯಮವಿಲ್ಲ.

1944ರ ಆಗಸ್ಟ್‌ನಲ್ಲಿ ಬ್ರೆಮರ್ಟನ್ನಿನ ನೌಕಾನೆಲೆಯಲ್ಲಿ ಹಡಗಿನ ಅಟ್ಟದ ಮೇಲೆ ನಿಂತು ಮಾತನಾಡಿದಾಗ, ಸೊರಗಿದ ದೇಹಕ್ಕೆ ಕ್ಯಾಲಿಪರ್ ಸಡಿಲವಾಗಿತ್ತು, ಎದೆ ನೋಯುತ್ತಿತ್ತು. 1945ರ ಮಾರ್ಚ್ 1ರಂದು, ಯಾಲ್ಟಾದಿಂದ ಮರಳಿದ ಮೇಲೆ, ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಕುಳಿತೇ ಮಾತನಾಡಿದರು. ಅದಕ್ಕೆ ಕ್ಷಮೆ ಕೋರುತ್ತಾ ಕಾಲಿಗೆ ಕಟ್ಟಿದ ಹತ್ತು ಪೌಂಡ್ ಉಕ್ಕಿನ ಭಾರವನ್ನು ಬಹಿರಂಗವಾಗಿ ಹೇಳಿಕೊಂಡರು. ಇಪ್ಪತ್ತನಾಲ್ಕು ವರ್ಷಗಳ ಮರೆಯನ್ನು ಸರಿಸಿದ ಆ ಮಾತಿನ ಆರು ವಾರಗಳ ನಂತರ, ಏಪ್ರಿಲ್ 12ರಂದು, ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು.

1938ರಲ್ಲಿ ಅವರು ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಜನ ಹತ್ತು ಸೆಂಟಿನ ನಾಣ್ಯಗಳನ್ನು ಅಂಚೆಯಲ್ಲಿ ಕಳುಹಿಸಿದರು. ಆ ಹಣ ಜೋನಸ್ ಸಾಕ್ ಅವರ ಲಸಿಕೆಗೆ ನೆರವಾಯಿತು. ಅದರ ಯಶಸ್ಸನ್ನು ಪ್ರಕಟಿಸಿದ್ದು 1955ರ ಏಪ್ರಿಲ್ 12ರಂದು, ರೂಸ್‌ವೆಲ್ಟರ ಹತ್ತನೆಯ ಪುಣ್ಯತಿಥಿಯಂದು. ಭಾರತದಲ್ಲಿ ನಿಸರ್ಗಜನ್ಯ ಪೋಲಿಯೊದ ಕೊನೆಯ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ದಾಖಲಾಯಿತು. ರೋಗ ತಡೆಯುವ ಕೆಲಸದಲ್ಲಿ ಅವರ ಕೊಡುಗೆ ಹೀಗೆ ನಮ್ಮ ಮನೆಬಾಗಿಲಿಗೂ ತಲುಪಿದೆ. ಆದರೆ ಬಿದ್ದವರ ಬದುಕನ್ನು ಸುಗಮಗೊಳಿಸುವ ಕೆಲಸ ಅಷ್ಟು ಬೇಗ ನಡೆಯಲಿಲ್ಲ. ಒಬ್ಬ ಅಧ್ಯಕ್ಷರಿಗಾಗಿ ಹಾಕಿದ ಇಳಿಜಾರನ್ನು ಅವರು ಹೋದ ಮೇಲೆ ಕಿತ್ತರೆ ನಂತರ ಬಂದವರಿಗೆ ಅದರಿಂದೇನು? ಮರೆಮಾಚುವುದು ಅಂದಿನ ರಾಜಕಾರಣಕ್ಕೆ ಅನಿವಾರ್ಯವಾಗಿದ್ದಿರಬಹುದು. ಆದರೆ ಕಾಣದ ಆಸರೆಗೆ ಯಾರೂ ಹಕ್ಕು ಸ್ಥಾಪಿಸಲಾರರು. ಅಮೆರಿಕದಲ್ಲಿ ಅಂಗವಿಕಲರ ಸಮಗ್ರ ಹಕ್ಕಿನ ಕಾಯ್ದೆ ಬಂದದ್ದು 1990ರಲ್ಲಿ, ಭಾರತದಲ್ಲಿ 1995ರಲ್ಲಿ. ವಾಷಿಂಗ್ಟನ್ನಿನ ಅವರ ಸ್ಮಾರಕ 1997ರಲ್ಲಿ ತೆರೆದಾಗಲೂ ಗಾಲಿಕುರ್ಚಿ ಸ್ಪಷ್ಟವಾಗಿ ಕಾಣುವ ಪ್ರತಿಮೆ ಇರಲಿಲ್ಲ. ಅಂಗವಿಕಲರ ಸಂಘಟನೆಗಳು ಹೋರಾಡಿ, ಹಣ ಕೂಡಿಸಿ, 2001ರಲ್ಲಿ ಅದನ್ನು ಸೇರಿಸಿದವು.

ನಮ್ಮ 2016ರ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ವಿಸ್ತರಿಸಿ ಮಸ್ಕ್ಯುಲರ್ ಡಿಸ್ಟ್ರೊಫಿಯಂತಹ ಸ್ನಾಯುರೋಗಗಳನ್ನೂ ಸೇರಿಸಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳು ಪ್ರಕಟವಾದ ಐದು ವರ್ಷಗಳಲ್ಲಿ ಸುಗಮಗೊಳಿಸಬೇಕೆಂದಿತು. ಆ ಗಡುವು 2022ರಲ್ಲೇ ಮುಗಿದಿದೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಓಡಾಡುವಾಗ ನಾನು ಕಾಣುವ ಚಿತ್ರ ಮಿಶ್ರವಾದದ್ದು. ಇಳಿಜಾರು ದಾರಿ ಇದೆ, ಹಿಡಿಯಲು ಕಂಬಿಯಿಲ್ಲ. ಕಂಬಿಯಿದ್ದರೆ ಏರು ಕಡಿದು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬ ಮಾನದಂಡ ಕಾಗದದಲ್ಲೇ ಉಳಿದಿದೆ. ಹೊಸ ಕಟ್ಟಡಗಳ ನೆಲಕ್ಕೆ ನುಣುಪು ಗ್ರಾನೈಟ್, ಬ್ರಾಡ್‌ವೇಯ ಅಮೃತಶಿಲೆಯಂತೆಯೇ. ಇನ್ನು ತರೀಕೆರೆಯ ಅಡಿಕೆ ತೋಟದ ಸಂಕ, ಮಳೆಗಾಲದಲ್ಲಿ ಅಜ್ಜಂಪುರದ ಎರೆಮಣ್ಣಿನ ಹಾದಿ ಗಟ್ಟಿಕಾಲಿನವರಿಗೇ ಪರೀಕ್ಷೆ. ಅಲ್ಲಿ ಕಾಲು ಸೋತವರು ಮನೆಯಲ್ಲೇ ಉಳಿಯುತ್ತಾರೆ. ಅವರು ಹೊರಗೆ ಕಾಣುವುದಿಲ್ಲವಾದ್ದರಿಂದ ಅಂಥವರೇ ಇಲ್ಲವೆಂದು ಯೋಜನೆ ಮಾಡುವವರು ಭಾವಿಸುತ್ತಾರೆ.

ಸೇವೆಯಲ್ಲಿದ್ದ ಅನುಭವದಿಂದ ಹೇಳುವುದಾದರೆ ಇದು ದೊಡ್ಡ ಅನುದಾನದ ಮಾತಲ್ಲ. ತಾಲ್ಲೂಕು ಕಚೇರಿ, ಆಸ್ಪತ್ರೆ, ಬ್ಯಾಂಕು, ಪಂಚಾಯಿತಿ, ಕಲ್ಯಾಣ ಮಂಟಪ, ಇವುಗಳ ಮೆಟ್ಟಿಲಿನ ಎರಡೂ ಬದಿಗೆ ಗಟ್ಟಿಯಾದ ಕಂಬಿ, ಶೌಚಾಲಯದಲ್ಲಿ ಹಿಡಿಕೆ, ಜಾರದ ನೆಲ, ನಾಲ್ಕು ಕುರ್ಚಿ. ಒಬ್ಬ ಮುದುಕರ ಸೊಂಟದ ಮೂಳೆ ಮುರಿದರೆ ಕುಟುಂಬಕ್ಕೆ ತಗಲುವ ಖರ್ಚಿನೊಂದಿಗೆ ಹೋಲಿಸಿದರೆ ಇದು ಅಲ್ಪ. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ, ಆ ಇಳಿಜಾರನ್ನು ನಿಜವಾಗಿ ಬಳಸಬೇಕಾದ ಒಬ್ಬರನ್ನು ಕರೆದು ಹತ್ತಿಸಿ ನೋಡುವ ನಿಯಮ ತಂದರೂ ಸಾಕು, ಅರ್ಧ ದೋಷ ಸರಿಹೋದೀತು. ರೂಸ್‌ವೆಲ್ಟ್ ತಮ್ಮ ಭಾಷಣಪೀಠವನ್ನು ಮೊದಲೇ ಅಲುಗಾಡಿಸಿ ನೋಡಿಸಿದ್ದೂ ಇದೇ ವಿವೇಕದಿಂದ. ಅವರಿಗೆ ಮಗನ ತೋಳಿತ್ತು, ಅಂಗರಕ್ಷಕರಿದ್ದರು. ನಮ್ಮ ಊರುಗಳಲ್ಲಿ ಆ ತೋಳಿನ ಕೆಲಸವನ್ನು ಎರಡು ಗಜ ಕಬ್ಬಿಣದ ಕಂಬಿ ಮಾಡಬಲ್ಲದು.