ತಾಳ್ಮೆ ಕಲಿಸಿದ ಕಿಟೆಲ್ ಸಾಹೇಬರು



ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರಿಗೆ ಕಾಯೋದು ಹೊಸದಲ್ಲ. ಎರೆ ಹೊಲದಾಗ ಬಿತ್ತಿ ಮಳಿಗೆ ಕಾಯಬೇಕು. ಕಾಲುವೆಯ ಕೊನೆ ಭಾಗದವರು ತುಂಗಭದ್ರೆಯ ನೀರಿಗೆ ಕಾಯಬೇಕು. ಬೈಬಲ್ಲಿನಲ್ಲಿ ಯಾಕೋಬನು ಬರೆದ ಪತ್ರದಲ್ಲಿಯೂ ತಾಳ್ಮೆ ಕಲಿಸಲು ಮುಂಗಾರು, ಹಿಂಗಾರು ಮಳೆಗೆ ಕಾಯುವ ರೈತನನ್ನೇ ತೋರಿಸಲಾಗಿದೆ. ಕ್ರೈಸ್ತರಿಗೆ ಕಾಯುವುದೆಂದರೆ ಸುಮ್ಮನೆ ಕೂಡುವುದಲ್ಲ, ದೇವರ ಮೇಲೆ ನಂಬಿಕೆಯಿಟ್ಟು ತನ್ನ ಕೆಲಸ ಮಾಡುತ್ತಿರುವುದು. ಹಾಗೆ ಬಾಳಿದ ಒಬ್ಬರು ರೆವರೆಂಡ್ ಫರ್ಡಿನಾಂಡ್ ಕಿಟೆಲ್.

ಕಿಟೆಲ್ ಅವರು 1832ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ನಮ್ಮ ಪಕ್ಕದ ಬಳ್ಳಾರಿಯಲ್ಲಿ ಕೆಲಸ ಮಾಡಿದ ರೀವ್ ಎಂಬ ಪಾದ್ರಿಯವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಅದೇ ವರ್ಷ. ಮುಂದೆ ಅದಕ್ಕಿಂತ ದೊಡ್ಡ ನಿಘಂಟನ್ನು ಆ ಕೂಸೇ ಬರೆಯುತ್ತದೆಂದು ಯಾರಿಗೆ ಗೊತ್ತಿತ್ತು?

ಬಾಸೆಲ್ ಮಿಷನ್ನಿನಲ್ಲಿ ಓದಿ 1853ರಲ್ಲಿ ಅವರು ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಕಡೆ ಇದ್ದು ಕನ್ನಡ ಕಲಿತರು. ಬರೀ ಪುಸ್ತಕದಿಂದಲ್ಲ, ಹಳ್ಳಿ ಹಳ್ಳಿ ತಿರುಗಿ ಜನರ ಬಾಯಿಂದ ಕಲಿತರು. ಜನರ ಜೊತೆ ಹೀಗೆ ಬೆರೆಯುವುದು, ಓದಿನಲ್ಲೇ ಮುಳುಗುವುದು ಮಿಷನ್ನಿನ ಕೆಲವು ಹಿರಿಯರಿಗೆ ಹಿಡಿಸಲಿಲ್ಲ. ಅವರ ಬೋಧನೆ ಕೇಳಿ ಮತಕ್ಕೆ ಸೇರಿದವರೂ ಕಡಿಮೆ. ಮೊದಲ ಹೆಂಡತಿ ಪೌಲೀನ್ ಬೇಗನೆ ತೀರಿಕೊಂಡರು. ಇಷ್ಟಾದರೂ ಕಿಟೆಲ್ ಗಂಟು ಮೂಟೆ ಕಟ್ಟಲಿಲ್ಲ. ಏಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲೇ ಹೇಳುವ ಕಥಾಮಾಲೆ ಬರೆದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಕೇಶಿರಾಜ ಜೈನ ಕವಿ ಎಂಬುದನ್ನು ನಾವು ನೆನಪಿಡಬೇಕು.

ಅವರ ದೊಡ್ಡ ಕೆಲಸ ನಿಘಂಟು. ಓಲೆಗರಿ, ಕೈಬರಹದ ಕಟ್ಟುಗಳನ್ನು ತೆಗೆದು ಒಂದೊಂದೇ ಶಬ್ದ ಆರಿಸಬೇಕು. ಅದು ಯಾವ ಕಾವ್ಯದಲ್ಲಿದೆ, ತಮಿಳು, ತೆಲುಗು, ತುಳು ಭಾಷೆಗಳಲ್ಲಿ ಹೇಗಿದೆ, ಯಾವ ಗಾದೆಯಲ್ಲಿ ಬಳಸುತ್ತಾರೆ, ಎಲ್ಲ ನೋಡಬೇಕು. ಕನ್ನಡದ ಪಂಡಿತರು ನೆರವಾದರು. ಹೀಗೆ ಸುಮಾರು 20 ವರ್ಷ ನಡೆಯಿತು. ಕಂಪ್ಯೂಟರ್ ಇಲ್ಲ, ಕರೆಂಟೂ ಇಲ್ಲ!

ನಡುವೆ 1877ರಲ್ಲಿ ಆರೋಗ್ಯ ಕೆಟ್ಟು ಜರ್ಮನಿಗೆ ಹೋಗಬೇಕಾಯಿತು. ಕೆಲಸ ಅರ್ಧಕ್ಕೆ ನಿಂತಿತೆಂದು ಬೇರೆಯವರಾದರೆ ಕೈ ಬಿಡುತ್ತಿದ್ದರು. ಇವರು ಅಲ್ಲಿಯೂ ಬರೆದರು. 1883ರಲ್ಲಿ, 51ನೇ ವಯಸ್ಸಿನಲ್ಲಿ, ನಿಘಂಟಿಗಾಗಿಯೇ ಮತ್ತೆ ಕನ್ನಡ ನಾಡಿಗೆ ಬಂದರು. 1892ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಆಗಿನ್ನೂ ಪುಸ್ತಕ ಹೊರಬಂದಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅದು ಪ್ರಕಟವಾಯಿತು. ಸುಮಾರು 70,000 ಶಬ್ದ, 1,700ಕ್ಕೂ ಹೆಚ್ಚು ಪುಟ! 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೂ ವಿಶ್ರಾಂತಿ ಪಡೆಯದೆ ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕಿಟೆಲ್ ಬೆಳೆ ತೆಗೆಯಲು ಬಂದದ್ದು ಒಂದು ಹೊಲದಲ್ಲಿ, ಬೆಳೆ ಬಂದದ್ದು ಇನ್ನೊಂದು ಹೊಲದಲ್ಲಿ. ಮತಕ್ಕೆ ಸೇರಿದವರನ್ನು ಎಣಿಸಿದರೆ ಅವರು ಸೋತಂತೆ ಕಾಣುತ್ತದೆ. ಆದರೆ ಇವತ್ತಿಗೂ ಹಳೆಯ ಶಬ್ದದ ಅರ್ಥ ಬೇಕಾದರೆ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲ ವಿದ್ವಾಂಸರೂ ಕಿಟೆಲ್ ನಿಘಂಟು ತೆಗೆಯುತ್ತಾರೆ. ಫಲ ಯಾವಾಗ, ಎಲ್ಲಿ ಬರುತ್ತದೆ ಎಂಬುದನ್ನು ದೇವರಿಗೆ ಬಿಟ್ಟು ದುಡಿಯುವುದೇ ಅವರ ಪ್ರಾರ್ಥನೆಯಾಗಿತ್ತು ಎನ್ನಬಹುದು.

ತಾಳಿದವನು ಬಾಳಿಯಾನು ಅಂತ ನಮ್ಮ ಹಿರಿಯರು ಹೇಳ್ತಾರ. ಒಂದು ಲೆಕ್ಕ ಬರಲಿಲ್ಲ ಅಂದ್ರ ನಾವು ಪಾಟಿ ಒಗೀತೀವಿ. ಒಂದು ಶಬ್ದಕ್ಕ ದಿನಗಟ್ಟಲೆ ಕುಂತ ಈ ಮನುಷ್ಯನ್ನ ಆಗ ನೆನಸೋಣ. ಪಾಟಿ ಮತ್ತ ಕೈಗೆ ತಗೊಳ್ಳೋಣ.